ಮದುಮಗಳ ಕೈಯಲ್ಲಿ ಹ್ಯಾಂಡ್‌ಬ್ರೇಕ್

ವಿಮಲಮ್ಮನವರ ಕೆಂಪು ಕಾರು ಓಡುವಾಗ ಚೆನ್ನಾಗಿಯೇ ಓಡುತ್ತಿತ್ತು. ನಿಂತಾಗ ಮಾತ್ರ ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. ನಿಧಾನ ಮಾಡಿ ಎರಡನೇ ಗೇರಿಗೆ ಇಳಿಸಿದರೆ ಮುಗ್ಗರಿಸುತ್ತಿತ್ತು. ನ್ಯೂಟ್ರಲ್‌ಗೆ ಬಂದರೆ ಗಡಗಡನೆ ಅಲ್ಲಾಡಿ, ಇನ್ನೇನು ಆಫ್ ಆಯಿತು ಅನ್ನುವಷ್ಟರಲ್ಲಿ ಒಮ್ಮೆ ಕೆಮ್ಮಿ ಮತ್ತೆ ಎದ್ದುಕೊಳ್ಳುತ್ತಿತ್ತು. ಕೆಲವು ಸಲ ಏಳುತ್ತಲೂ ಇರಲಿಲ್ಲ.

ವಿಮಲಮ್ಮ ಗೋಣಿಬೀಡಿನ ಆರೋಗ್ಯ ಕೇಂದ್ರದಲ್ಲಿ ಮೂವತ್ತೊಂದು ವರ್ಷ ನರ್ಸ್ ಆಗಿದ್ದವರು. ನಿವೃತ್ತಿಯಾದ ಮರುವಾರವೇ ಡ್ರೈವಿಂಗ್ ಕಲಿಯಲು ಸೇರಿ, ಮೂರನೇ ಪ್ರಯತ್ನದಲ್ಲಿ ಲೈಸೆನ್ಸ್ ಪಡೆದು, ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಮಾರುತ್ತಿದ್ದ ಒಂಬತ್ತು ವರ್ಷದ ಈ ಕಾರನ್ನು ಕೊಂಡಿದ್ದರು. ಅದು ನಡುಗತೊಡಗಿದ ಮೇಲೆ ಮೂರು ಸಲ ಊರಿನ ಅಬ್ದುಲ್ಲಾ ಅವರ ಗ್ಯಾರೇಜಿಗೆ ತಂದಿದ್ದರು. ವಿಮಲಮ್ಮನ ಮನೆಯಿಂದ ಗ್ಯಾರೇಜಿಗೆ ಕೂಗಳತೆ ದೂರ. ಮೂರು ಸಲವೂ ಕಾರು ಅಲ್ಲಿ ಬಂದು ನಿಂತು, ಎಂದೂ ಯಾರಿಗೂ ತೊಂದರೆ ಕೊಟ್ಟದ್ದೇ ಇಲ್ಲವೆಂಬಂತೆ ಮೆಲ್ಲಗೆ ಗುಂಯ್‌ಗುಡುತ್ತಿತ್ತು.

ಆದರೂ ಅಬ್ದುಲ್ಲಾ ಸುಮ್ಮನಿರಲಿಲ್ಲ. ಮೊದಲ ಸಲ ಪ್ಲಗ್‌ಗಳನ್ನು ಬದಲಿಸಿದರು. ಎರಡನೇ ಸಲ ಎಂಜಿನ್ನಿಗೆ ಗಾಳಿ ಹೋಗುವ ಬಾಯಿಯನ್ನೆಲ್ಲ ತೊಳೆದು ಶುಚಿ ಮಾಡಿದರು. ಮೂರನೇ ಸಲ ಸ್ಕ್ಯಾನರ್ ಹಾಕಿದಾಗ ಹಿಂದೆ ಯಾವಾಗಲೋ ದಾಖಲಾಗಿದ್ದ ದೂರು ಸಿಕ್ಕಿತು: ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಅವರು ಪೆಟ್ರೋಲ್ ಫಿಲ್ಟರ್ ಬದಲಿಸಿ, "ಇನ್ನು ಇದಕ್ಕೆ ವಯಸ್ಸಾಯ್ತು ಅಂತ ತಿಳ್ಕೊಳ್ಳಿ ಸಿಸ್ಟರಮ್ಮ" ಎಂದರು.

"ವಯಸ್ಸಾದವರೆಲ್ಲ ಹೀಗೆ ನಡುಗೋದಿಲ್ಲ ಅಬ್ದುಲ್ಲಾ. ನನ್ನನ್ನ ನೋಡಿ," ಎಂದಿದ್ದರು ವಿಮಲಮ್ಮ.

ಈ ಮಾತುಕತೆಯನ್ನು ಅಬ್ದುಲ್ಲಾ ಅವರ ಮಗಳು ಸನಾ ಇನ್ನೊಂದು ಗಾಡಿಯ ಕೆಳಗೆ ಮಲಗಿಕೊಂಡೇ ಕೇಳಿಸಿಕೊಂಡಿದ್ದಳು. ಅವಳಿಗೆ ಇಪ್ಪತ್ತೇಳು ವರ್ಷ. ಚಿಕ್ಕಮಗಳೂರಿನಲ್ಲಿ ಆಟೋಮೊಬೈಲ್ ಡಿಪ್ಲೊಮಾ ಮುಗಿಸಿ ನಾಲ್ಕು ವರ್ಷದಿಂದ ಅಪ್ಪನ ಜೊತೆ ಕೆಲಸ ಮಾಡುತ್ತಿದ್ದಳು. ಬಿಚ್ಚುವುದು, ಜೋಡಿಸುವುದು ಎಲ್ಲ ಅವಳದೇ. ಆದರೆ ಏನನ್ನು ಬಿಚ್ಚಬೇಕು ಎಂದು ಹೇಳುವವರು ಅಬ್ದುಲ್ಲಾ. ಗಿರಾಕಿಗಳೂ ಅವಳ ಮುಂದೆ ನಿಂತು, ಅವಳ ತಲೆಯ ಮೇಲಿಂದ ನೋಡಿ, "ಸಾಹೇಬ್ರಿಲ್ವಾ?" ಎಂದೇ ಕೇಳುತ್ತಿದ್ದರು.

ಮಾರ್ಚ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಎಂಟೂಕಾಲಿಗೆ, ವಿಮಲಮ್ಮ ನಾಲ್ಕನೇ ಸಲ ಬಂದರು. ಈ ಸಲ ಕಾರಿನ ಮುಂದಿನ ಸೀಟಿನಲ್ಲಿ ದ್ಯಾವಮ್ಮ ಕೂತಿದ್ದರು. ಅರಿಶಿನ ಬಣ್ಣದ ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ, ಎರಡೂ ಕೈಗೆ ಮೊಣಕೈಯವರೆಗೆ ಹಸಿರು ಗಾಜಿನ ಬಳೆ, ತೊಡೆಯ ಮೇಲೊಂದು ಬುಟ್ಟಿ. ಅವರು ನಗುತ್ತಿದ್ದರು. ಬೆಳಿಗ್ಗೆ ಐದಕ್ಕೆ ಎದ್ದಾಗಿನಿಂದ ಅವರಿಗೆ ನಗು ಹತ್ತಿಕೊಂಡಿತ್ತಂತೆ, ನಿಲ್ಲುತ್ತಲೇ ಇರಲಿಲ್ಲ.

"ಇವತ್ತು ಇವಳ ಮದುವೆ," ಎಂದರು ವಿಮಲಮ್ಮ. "ಕಳಸದಲ್ಲಿ. ಹನ್ನೆರಡು ಐದಕ್ಕೆ ಮುಹೂರ್ತ. ಈ ಕಾರು ಘಾಟಿಯಲ್ಲಿ ಕೈ ಕೊಟ್ರೆ ಎಂತ ಮಾಡುದು ಅಂತ ನಂಗೆ ರಾತ್ರಿಯೆಲ್ಲ ನಿದ್ದೆ ಇಲ್ಲ."

"ಬೇರೆ ಗಾಡಿ ಮಾಡ್ಕೊಂಡು ಹೋಗ್ಬಹುದಿತ್ತಲ್ಲ," ಎಂದರು ಅಬ್ದುಲ್ಲಾ.

"ಇಪ್ಪತ್ತೆರಡು ವರ್ಷ ನಾವಿಬ್ರೂ ಒಂದೇ ಆಸ್ಪತ್ರೆಯಲ್ಲಿ ದುಡಿದಿದ್ದೇವೆ. ನನ್ನ ಕಾರಲ್ಲೇ ಕರ್ಕೊಂಡು ಹೋಗ್ತೇನೆ ಅಂತ ಇವಳಿಗೆ ಮಾತು ಕೊಟ್ಟಿದ್ದೇನೆ."

ದ್ಯಾವಮ್ಮ ಅದೇ ಆರೋಗ್ಯ ಕೇಂದ್ರದಲ್ಲಿ ಆಯಾ ಆಗಿದ್ದವರು. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡರು. ಈಗ ಐವತ್ತೇಳು. ಮದುಮಗ ಚಿಕ್ಕಯ್ಯ ಆರೋಗ್ಯ ಇಲಾಖೆಯ ಜೀಪಿನ ಡ್ರೈವರ್ ಆಗಿದ್ದವರು. ಪ್ರತಿ ಗುರುವಾರ ಲಸಿಕೆಯ ಪೆಟ್ಟಿಗೆ ತಂದು ಇಳಿಸಿ, ದ್ಯಾವಮ್ಮ ಕೊಟ್ಟ ಕಾಫಿ ಕುಡಿದು ಹೋಗುತ್ತಿದ್ದರು. ಹೆಂಡತಿ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ನಿವೃತ್ತಿಯಾಗಿ ಕಳಸಕ್ಕೆ ಹೋದ ಮೇಲೆ ದಿನಾ ಸಂಜೆ ಆರಕ್ಕೆ ದ್ಯಾವಮ್ಮನಿಗೆ ಫೋನ್ ಮಾಡತೊಡಗಿದರು. ಎರಡು ವರ್ಷ ಇದನ್ನು ನೋಡಿದ ಅವರ ಮಗಳು ಸೌಂದರ್ಯ, ಒಂದು ದಿನ ತನ್ನ ಟೈಲರ್ ಅಂಗಡಿಗೆ ಬಾಗಿಲು ಹಾಕಿ, ಬಸ್ಸು ಹತ್ತಿ ಗೋಣಿಬೀಡಿಗೆ ಬಂದು, ಅಪ್ಪನಿಗಾಗಿ ತಾನೇ ಹೆಣ್ಣು ಕೇಳಿದ್ದಳು.

ಸನಾ ಗಾಡಿಯ ಕೆಳಗಿನಿಂದ ಹೊರಗೆ ಬಂದಳು. "ಸಿಸ್ಟರಮ್ಮ, ಇದು ಮನೆಯಿಂದ ಹೊರಟ ಕೂಡ್ಲೇ ನಡುಗ್ತದಾ?"

"ಇಲ್ಲ ಮಗಾ. ಹತ್ತು ಕಿಲೋಮೀಟರಾದ್ರೂ ಆಗ್ಬೇಕು. ಮೂಡಿಗೆರೆ ಬಂತು ಅನ್ನುವಾಗ ಶುರು."

"ಹಾಗಾದ್ರೆ ಬಿಸಿಯಾದ್ಮೇಲೆ ಬರೋ ಕಾಯಿಲೆ. ಇಲ್ಲಿ ನಿಲ್ಲಿಸ್ಕೊಂಡು ನೋಡಿದ್ರೆ ವರ್ಷವಿಡೀ ನೋಡಿದ್ರೂ ಸಿಗೋದಿಲ್ಲ." ಅವಳು ಅಪ್ಪನ ಕಡೆ ತಿರುಗಿದಳು. "ನಾನೂ ಕಳಸಕ್ಕೆ ಹೋಗ್ತೇನೆ ಅಬ್ಬಾಜಿ. ದಾರಿಯಲ್ಲಿ ನೋಡ್ತೇನೆ."

ಅಬ್ದುಲ್ಲಾ ಮಗಳನ್ನು ನೋಡಿದರು. ಅವಳ ಪ್ಯಾಂಟಿನ ತುಂಬ ಗ್ರೀಸ್ ಇತ್ತು. "ಮದುವೆಗೆ ಈ ಬಟ್ಟೆಯಲ್ಲಾ?" ಎಂದಷ್ಟೇ ಕೇಳಿದರು. ಸನಾ ಒಳಗೆ ಹೋಗಿ ಹಸಿರು ಚೂಡಿದಾರವೊಂದನ್ನು ಮಡಚಿ ಸ್ಪ್ಯಾನರ್‌ಗಳ ಚೀಲದೊಳಕ್ಕೆ ತುರುಕಿಕೊಂಡು ಬಂದಳು.

ಮೂಡಿಗೆರೆಯವರೆಗೆ ಕಾರು ಹೂವಿನ ಹಾಗೆ ಹೋಯಿತು. ಹಿಂದಿನ ವಾರವಷ್ಟೇ ಹೂಮಳೆ ಬಿದ್ದಿತ್ತು. ರಸ್ತೆಯ ಎರಡೂ ಬದಿಗೆ ಕಾಫಿಗಿಡಗಳು ಬೆಳ್ಳಗೆ ಅರಳಿ, ಆ ಘಮಕ್ಕೆ ಕಿಟಕಿ ಮುಚ್ಚಲೂ ಮನಸ್ಸಾಗುತ್ತಿರಲಿಲ್ಲ, ತೆರೆದಿಟ್ಟರೆ ತಲೆ ತಿರುಗುತ್ತಿತ್ತು. ವಿಮಲಮ್ಮ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ಮುಂದಿನ ಗಾಜಿಗೆ ಮೂಗು ತಾಗುವಷ್ಟು ಬಾಗಿ ಕೂತಿದ್ದರು. ಸನಾ ಹಿಂದಿನ ಸೀಟಿನ ನಡುವಿನಿಂದ ತಲೆ ಮುಂದೆ ಚಾಚಿ ಕಿವಿಗೊಟ್ಟಿದ್ದಳು.

ಮೂಡಿಗೆರೆಯಲ್ಲಿ ಒಂದು ಬಸ್ಸು ರಿವರ್ಸ್ ತೆಗೆಯುತ್ತಿತ್ತು. ವಿಮಲಮ್ಮ ನಿಲ್ಲಿಸಿದರು. ಕಾರು ನಡುಗತೊಡಗಿತು. ಅದರ ಜೊತೆಗೆ ಕಿಣಿಕಿಣಿ ಎಂಬ ಸದ್ದೊಂದು ಎದ್ದಿತು.

"ಸಿಸ್ಟರೇ, ನನ್ನ ಬಳೆ ತಾನಾಗೇ ಕುಣೀತಾ ಉಂಟು," ಎಂದರು ದ್ಯಾವಮ್ಮ, ಮತ್ತೆ ನಗಲು ಶುರುಮಾಡಿದರು.

"ನಗ್ಬೇಡಿ ದ್ಯಾವಕ್ಕ. ಕೈಯನ್ನ ಡ್ಯಾಶ್‌ಬೋರ್ಡ್ ಮೇಲೆ ಹಾಗೇ ಇಡಿ," ಎಂದಳು ಸನಾ. "ಸಿಸ್ಟರಮ್ಮ, ಈಗ ಆಕ್ಸಿಲರೇಟರ್ ಒಂದು ಚೂರು ಒತ್ತಿ."

ಒತ್ತಿದರು. ಬಳೆಗಳು ಸುಮ್ಮನಾದವು.

"ಬಿಡಿ."

ಕಿಣಿಕಿಣಿ.

"ಈಗ ಬ್ರೇಕ್ ಒತ್ತಿ, ಬಿಟ್ಟು, ಮತ್ತೆ ಒತ್ತಿ."

ಬಳೆಗಳ ಸದ್ದಿನಲ್ಲಿ ಹೆಚ್ಚುಕಡಿಮೆಯೇನೂ ಆಗಲಿಲ್ಲ. ಸನಾ ತಲೆಯಾಡಿಸಿದಳು. ಬ್ರೇಕಿಗೂ ಇದಕ್ಕೂ ಸಂಬಂಧವಿಲ್ಲ, ಸದ್ಯ ಅಷ್ಟು ಸಮಾಧಾನ. ಅಷ್ಟರಲ್ಲಿ ಬಸ್ಸು ಮುಂದೆ ಹೋಯಿತು, ಕಾರು ಆಫ್ ಆಯಿತು. ಹಿಂದಿನಿಂದ ಮೂರು ಹಾರ್ನ್‌ಗಳು ಒಟ್ಟಿಗೆ ಮೊಳಗಿದವು.

ಮತ್ತೆ ಸ್ಟಾರ್ಟ್ ಮಾಡಿದ ಮೇಲೆ ವಿಮಲಮ್ಮ ತಮ್ಮ ಕಷ್ಟ ಹೇಳಿಕೊಂಡರು. ಕಾರು ಆಫ್ ಆಗದಂತೆ ಬಲಗಾಲನ್ನು ಆಕ್ಸಿಲರೇಟರ್ ಮೇಲೆ ಇಟ್ಟೇ ಇರಬೇಕು. ಎಡಗಾಲು ಕ್ಲಚ್ ಮೇಲೆ. ಹಾಗಾದರೆ ನಿಲ್ಲಿಸಲು ಬ್ರೇಕ್ ಒತ್ತುವುದು ಯಾವ ಕಾಲಿನಲ್ಲಿ?

"ದೇವ್ರು ಮೂರನೇ ಕಾಲು ಕೊಟ್ಟಿಲ್ಲ," ಎಂದರು ವಿಮಲಮ್ಮ.

"ಇಲ್ಲಿ ಕೈ ಉಂಟಲ್ಲ," ಎಂದು ದ್ಯಾವಮ್ಮ ತಮ್ಮ ಬಳೆಗೈಯನ್ನು ಎತ್ತಿ ತೋರಿಸಿದರು.

ಹೀಗೆ ಮದುಮಗಳ ಕೈಗೆ ಹ್ಯಾಂಡ್‌ಬ್ರೇಕ್ ಬಂತು. ಕಾರು ತೆವಳುವಷ್ಟು ನಿಧಾನವಾದ ಮೇಲೆ ಮಾತ್ರ ಎಳೆಯಬೇಕು, ಇಳಿಜಾರಿನಲ್ಲಿ ಮುಟ್ಟಲೇಬಾರದು, ಅಲ್ಲಿ ಕಾಲಿನ ಬ್ರೇಕೇ ಸೈ, ಆಫ್ ಆದರೆ ಆಗಲಿ ಎಂದು ಸನಾ ಕಟ್ಟುನಿಟ್ಟು ಮಾಡಿದಳು. ವಿಮಲಮ್ಮ "ಎಳಿ" ಅಂದರೆ ದ್ಯಾವಮ್ಮ ಎಳೆಯುತ್ತಿದ್ದರು, "ಬಿಡು" ಅಂದರೆ ಬಿಡುತ್ತಿದ್ದರು. ಇಪ್ಪತ್ತೆರಡು ವರ್ಷ ಹೆರಿಗೆ ಕೋಣೆಯಲ್ಲಿ ಒಟ್ಟಿಗಿದ್ದವರಿಗೆ ಇದೇನೂ ಹೊಸದಾಗಿರಲಿಲ್ಲ. ಊರ ಹೊರಗಿನ ಹಂಪ್‌ಗಳನ್ನು ಹೀಗೆಯೇ ದಾಟಿದರು. ಒಂದು ಕಡೆ ಪೊಲೀಸಿನವನೊಬ್ಬ ಕೈ ಅಡ್ಡ ಹಿಡಿದ. "ಎಳಿ" ಅಂದಾಯಿತು. ಮದುಮಗಳು ಎರಡೂ ಕೈಯಲ್ಲಿ ಬ್ರೇಕೆಳೆದು ಕೂತಿರುವುದನ್ನೂ, ನಿಂತ ಕಾರು ಭರ್ರೋ ಎನ್ನುತ್ತಿರುವುದನ್ನೂ ಅವನು ಕಿಟಕಿಯಿಂದ ಬಗ್ಗಿ ನೋಡಿದ.

"ಎಂತಮ್ಮ ಇದು?"

"ಮದುವೆ," ಎಂದರು ದ್ಯಾವಮ್ಮ.

ಅವನಿಗೆ ಏನು ಅರ್ಥವಾಯಿತೋ, ಎದುರಿನ ಲಾರಿಯನ್ನು ನಿಲ್ಲಿಸಿ ಇವರನ್ನು ಮೊದಲು ಕಳಿಸಿದ.

ಮುಂದೆ ಏರು. ಸನಾ ಅದಕ್ಕಾಗಿಯೇ ಕಾಯುತ್ತಿದ್ದಳು. ಏರಿನಲ್ಲಿ ವಿಮಲಮ್ಮ ಚೆನ್ನಾಗಿ ಒತ್ತಿದಾಗ ಕಾರು ಒಂದಿಷ್ಟೂ ಮುಗ್ಗರಿಸದೆ ಮೇಕೆಯ ಹಾಗೆ ಹತ್ತಿತು. ಪೆಟ್ರೋಲ್ ನಿಜವಾಗಿ ಕಡಿಮೆ ಬೀಳುತ್ತಿದ್ದರೆ ಇಲ್ಲಿ ಅಲ್ಲವೇ ಏದುಸಿರು ಬಿಡಬೇಕಾದದ್ದು? ಸ್ಕ್ಯಾನರ್ ಎರಡು ಮಾತು ಹೇಳಿತ್ತು. ಅಬ್ಬಾಜಿ ಎರಡನೆಯದನ್ನು ಹಿಡಿದುಕೊಂಡರು. ಪೆಟ್ರೋಲ್ ಸರಿಯಾಗಿಯೇ ಇದ್ದು, ಗಾಳಿಯೇ ಜಾಸ್ತಿಯಾಗಿದ್ದರೆ? ಎಂಜಿನ್ನಿನ ಲೆಕ್ಕಕ್ಕೆ ಸಿಗದ ಗಾಳಿ ಎಲ್ಲಿಂದಲೋ ಕಳ್ಳದಾರಿಯಲ್ಲಿ ಒಳಗೆ ಹೋಗುತ್ತಿದ್ದರೆ?

ಅವಳು ಇದನ್ನು ಹೇಳಿದಾಗ ವಿಮಲಮ್ಮ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು, "ಹಾಗಾದ್ರೆ ಜೋರಾಗಿ ಹೋಗುವಾಗ ಯಾಕೆ ಗೊತ್ತಾಗುದಿಲ್ಲ?"

"ಜೋರಾಗಿ ಓಡುವಾಗ ಅದು ಬಾಯಿ ತುಂಬ ಗಾಳಿ ಎಳ್ಕೊಳ್ತದೆ. ಒಂದು ಸಣ್ಣ ತೂತಿಂದ ಇನ್ನೊಂಚೂರು ಬಂದ್ರೆ ಲೆಕ್ಕಕ್ಕೇ ಇಲ್ಲ. ನಿಧಾನ ಇರುವಾಗ ಅದು ನಿದ್ದೆ ಮಾಡೋ ಮಗುವಿನ ಹಾಗೆ ಚೂರೇ ಚೂರು ಉಸಿರಾಡ್ತದೆ. ಆಗ ಅದೇ ತೂತು ದೊಡ್ಡದಾಗ್ತದೆ."

"ಸರಿಯಾದ ಮಾತು," ಎಂದರು ವಿಮಲಮ್ಮ. ಮೂವತ್ತೊಂದು ವರ್ಷದಲ್ಲಿ ಅವರು ಸಾವಿರಾರು ಮಕ್ಕಳ ಉಸಿರು ನೋಡಿದ್ದರು.

ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಂತ ಪ್ರವಾಸಿಗಳ ಕಾರುಗಳು ರಸ್ತೆಯವರೆಗೂ ಬಂದಿದ್ದವು. ಕೂಡುರಸ್ತೆಯ ನಟ್ಟನಡುವೆ ಕೆಂಪು ಕಾರು ಎರಡು ಸಲ ಆಫ್ ಆಯಿತು. ದ್ಯಾವಮ್ಮನ ಫೋನಿಗೆ ಸೌಂದರ್ಯಳ ಕರೆ ಬಂತು. "ಕಾರು ನಡುಗ್ತಾ ಉಂಟು ಮಗಾ, ಕೊಟ್ಟಿಗೆಹಾರದಲ್ಲಿ..." ಎನ್ನುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಮತ್ತೆ ಬರಲಿಲ್ಲ.

ಅಲ್ಲಿಂದ ಹತ್ತು ಕಿಲೋಮೀಟರ್ ಮುಂದೆ, ಒಂದು ತಿರುವಿನಲ್ಲಿ, ಗೊಬ್ಬರದ ಮೂಟೆ ತುಂಬಿದ ಟ್ರ್ಯಾಕ್ಟರ್ ಎದುರಾಯಿತು. ಜಾಗ ಬಿಡಲು ವಿಮಲಮ್ಮ ಪಕ್ಕಕ್ಕೆ ಸರಿಸಿ ನಿಧಾನ ಮಾಡಿದರು. ಕಾರು ಒಮ್ಮೆ ಮೈ ಕೊಡವಿ ಆಫ್ ಆಯಿತು. ಐದು ಸಲ ಕೀ ತಿರುಗಿಸಿದ ಮೇಲೆ ಒಲ್ಲದ ಮನಸ್ಸಿನಿಂದ ಎದ್ದು ಮತ್ತೆ ನಡುಗುತ್ತ ನಿಂತಿತು. ಹತ್ತೂವರೆಯಾಗಿತ್ತು.

"ಇಲ್ಲೇ ನಿಲ್ಲಿಸಿ ಸಿಸ್ಟರಮ್ಮ," ಎಂದಳು ಸನಾ. "ಈಗ ಇದು ಚೆನ್ನಾಗಿ ಕಾಯಿಲೆ ಬಿದ್ದಿದೆ. ಈಗ್ಲೇ ನೋಡ್ಬೇಕು."

ರಸ್ತೆ ಬದಿಯ ಅಗಲ ಜಾಗದಲ್ಲಿ ನಿಲ್ಲಿಸಿದರು. ಅದು ಒಂದು ಎಸ್ಟೇಟಿನ ಗೇಟಿನ ಮುಂದೆ. ಬೇಲಿಯಾಚೆ ಗುಡ್ಡದ ತುದಿಯವರೆಗೂ ಕಾಫಿ ಹೂ, ಹೂವಿನ ತುಂಬ ಜೇನುಹುಳುಗಳ ಗುಂಯ್. ವಿಮಲಮ್ಮ ಒಳಗೆ ಕೂತು ಎಂಜಿನ್ ಆಫ್ ಆಗದಂತೆ ನೋಡಿಕೊಂಡರು. ಸನಾ ಬಾನೆಟ್ ಎತ್ತಿದಳು. ಮೊದಲು ಬಗ್ಗಿ ಮೂಸಿ ನೋಡಿದಳು, ಎಲ್ಲೂ ಪೆಟ್ರೋಲಿನ ವಾಸನೆ ಇರಲಿಲ್ಲ. ಆಮೇಲೆ ನಾಲ್ಕು ಪ್ಲಗ್‌ಗಳಿಗೆ ಹೋಗುವ ಕರೆಂಟಿನ ಕನೆಕ್ಷನ್‌ಗಳನ್ನು ಒಂದೊಂದಾಗಿ ತೆಗೆದು ಮತ್ತೆ ಹಾಕಿದಳು. ಯಾವುದನ್ನು ತೆಗೆದರೂ ನಡುಕ ಒಂದೇ ಪ್ರಮಾಣದಲ್ಲಿ ಹೆಚ್ಚಾಗುತ್ತಿತ್ತು. ಒಂದೇ ಸಿಲಿಂಡರಿನಲ್ಲಿ ದೋಷವಿದ್ದರೆ ಅದರ ಕನೆಕ್ಷನ್ ತೆಗೆದಾಗ ಏನೂ ವ್ಯತ್ಯಾಸ ಆಗಬಾರದಿತ್ತು. ಅಂದರೆ ನಾಲ್ಕಕ್ಕೂ ಸಮನಾಗಿ ತೊಂದರೆ. ನಾಲ್ಕಕ್ಕೂ ಗಾಳಿ ಹಂಚುವ ಕಡೆಯೇ ಎಲ್ಲೋ ಸೋರುತ್ತಿದೆ.

ಸೋರುವ ಸದ್ದು ಕೇಳಬೇಕು. ಆದರೆ ಎಂಜಿನ್ನಿನ ಗದ್ದಲದಲ್ಲಿ ಏನೂ ಕೇಳುತ್ತಿರಲಿಲ್ಲ. ಸನಾ ಒಂದು ಕ್ಷಣ ಯೋಚಿಸಿ ಕಿಟಕಿಯ ಹತ್ತಿರ ಬಂದಳು. "ಸಿಸ್ಟರಮ್ಮ, ನಿಮ್ಮ ಹತ್ರ ಸ್ಟೆಥಾಸ್ಕೋಪ್ ಉಂಟಾ?"

ಇತ್ತು. ಎಲ್ಲಿ ಹೋದರೂ ಯಾರಾದರೂ ಬಿಪಿ ನೋಡಿ ಅನ್ನುತ್ತಾರೆಂದು ವಿಮಲಮ್ಮ ನಿವೃತ್ತಿಯಾದ ಮೇಲೂ ಅದನ್ನು ಬ್ಯಾಗಿನಲ್ಲೇ ಇಟ್ಟುಕೊಳ್ಳುತ್ತಿದ್ದರು. ಕೊಡುವ ಬದಲು ತಾವೇ ಇಳಿದು ಬಂದರು. ಎಂಜಿನ್ ಜೀವಂತ ಇಡುವ ಕೆಲಸ ದ್ಯಾವಮ್ಮನಿಗೆ ಬಂತು. ಅವರು ಡ್ರೈವರ್ ಸೀಟಿನಲ್ಲಿ ಕೂತು, ನ್ಯೂಟ್ರಲ್‌ನಲ್ಲಿದ್ದ ಕಾರಿನ ಆಕ್ಸಿಲರೇಟರನ್ನು ಹೆಬ್ಬೆರಳಿನಿಂದ ಮುಟ್ಟಿ, "ಅಯ್ಯೋ, ನಾನೂ ಕಾರು ಬಿಡ್ತಿದ್ದೇನೆ," ಎಂದು ನಕ್ಕರು.

ಸನಾ ಸ್ಟೆಥಾಸ್ಕೋಪಿನ ತುದಿಯ ಬಿಲ್ಲೆಯನ್ನು ಬಿಚ್ಚಿ ಬರೀ ಕೊಳವೆ ಉಳಿಸಿದಳು. ಕಿವಿಗೆ ಹಾಕಿಕೊಂಡವರು ವಿಮಲಮ್ಮ. ಫ್ಯಾನಿನಿಂದ ದೂರವಿರುವಂತೆ ನೋಡಿಕೊಂಡು ಸನಾ ಕೊಳವೆಯ ತುದಿಯನ್ನು ಒಂದೊಂದು ಪೈಪಿನ ಹತ್ತಿರ ಹಿಡಿಯುತ್ತ ಹೋದಳು.

"ಇಲ್ಲಿ?"

"ಎಂತ ಇಲ್ಲ. ಟಕಟಕ ಅಷ್ಟೆ."

"ಇಲ್ಲಿ?"

"ಇಲ್ಲ."

ಎಂಜಿನ್ನಿನ ಹಿಂಬದಿಗೆ, ಕೈ ತೂರಲು ಕಷ್ಟವಾಗುವ ಸಂದಿಗೆ ಕೊಳವೆ ಇಳಿಯಿತು. ವಿಮಲಮ್ಮ ಕಣ್ಣು ಮುಚ್ಚಿದರು. ಒಂದು ಕೈ ಮೇಲೆತ್ತಿದರು.

"ನಿಲ್ಲು. ಇಲ್ಲಿ ಒಂದು ಉಬ್ಬಸದ ಕೇಸು ಉಂಟು. ಸುಂಯ್ ಅಂತ ಎಳೀತಾ ಉಂಟು."

ಕೇಳಿದ್ದು ಸಾಲದು, ಕಣ್ಣಿಗೆ ಕಾಣಬೇಕು ಎಂದಳು ಸನಾ. ದ್ಯಾವಮ್ಮನ ಬುಟ್ಟಿಯಲ್ಲಿ ಪೂಜೆಯ ಸಾಮಾನಿನ ಜೊತೆ ಊದಿನಕಡ್ಡಿ ಇತ್ತು. ಇನ್ನೊಮ್ಮೆ ಮೂಸಿ ನೋಡಿ, ಒಂದು ಕಡ್ಡಿ ಹಚ್ಚಿ, ಅದರ ಹೊಗೆ ಆ ಸಂದಿಯ ಕಡೆ ಹೋಗುವಂತೆ ಹಿಡಿದಳು. ರಸ್ತೆಯಲ್ಲಿ ಹೋಗುತ್ತಿದ್ದ ಬೈಕಿನವರಿಬ್ಬರು ಕಾರಿಗೆ ಪೂಜೆ ನಡೆಯುತ್ತಿದೆ ಎಂದುಕೊಂಡು ಎದೆ ಮುಟ್ಟಿ ನಮಸ್ಕರಿಸಿ ಹೋದರು. ಹೊಗೆ ಸುರುಳಿಸುರುಳಿಯಾಗಿ ಮೇಲೇಳುತ್ತಿತ್ತು. ಸನಾ ಕೈಯನ್ನು ಒಂದಂಗುಲ ಕೆಳಗಿಳಿಸಿದಳು. ಮೇಲೇಳುತ್ತಿದ್ದ ಹೊಗೆ ತಟ್ಟನೆ ತಿರುಗಿ, ದಾರದೆಳೆಯ ಹಾಗೆ ನೇರವಾಗಿ, ಬಾಗಿದ ರಬ್ಬರ್ ಪೈಪೊಂದರ ತಳಕ್ಕೆ ನುಗ್ಗಿ ಮಾಯವಾಯಿತು.

ಸನಾ ಕಡ್ಡಿಯನ್ನು ಆರಿಸಿದಳು. ಪೈಪಿನ ತಳಕ್ಕೆ ಬೆರಳು ಹಾಕಿ ಬಿರುಕನ್ನು ಮುಟ್ಟಿ ನೋಡಿದಳು. ಬಿಸಿಗೆ ಮೆತ್ತಗಾಗಿ ಬಾಯಿಬಿಟ್ಟಿತ್ತು. ತಣ್ಣಗಾದಾಗ ಮುಚ್ಚಿಕೊಂಡು ಯಾರಿಗೂ ಕಾಣದಂತಿರುತ್ತಿತ್ತು. ಬೆರಳನ್ನು ಬಿಗಿಯಾಗಿ ಒತ್ತಿ ಬಿರುಕು ಮುಚ್ಚಿದಳು. ಎಂಜಿನ್ನಿನ ನಡುಕ ನಿಂತಿತು. ಬೆರಳು ತೆಗೆದಳು. ನಡುಗಿತು. ಮತ್ತೆ ಮುಚ್ಚಿದಳು. ನಿಂತಿತು. ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಬೆರಳು ಸುಡುತ್ತಿದ್ದರೂ ಆರು ಸಲ ಹಾಗೆಯೇ ಮಾಡಿದಳು.

"ಸಾಕು ಮಾರಾಯ್ತಿ, ಅದಕ್ಕೆ ಕಚಗುಳಿ ಆಗ್ತದೆ," ಎಂದರು ವಿಮಲಮ್ಮ. ಅವರ ಮುಖವೂ ಅರಳಿತ್ತು.

ಅಷ್ಟರಲ್ಲಿ ಕಳಸದ ಕಡೆಯಿಂದ ಒಂದು ಜೀಪು ಬಂದು ಧೂಳೆಬ್ಬಿಸಿ ನಿಂತಿತು. ಬಿಳಿ ಪಂಚೆ, ಬಿಳಿ ಶರ್ಟು, ತಲೆಗೆ ಆಗಲೇ ಪೇಟ. ಚಿಕ್ಕಯ್ಯ. ಸೌಂದರ್ಯ "ಕಾರು ನಡುಗ್ತಾ ಉಂಟಂತೆ" ಎಂದದ್ದನ್ನು ಕೇಳಿ, ಯಾರು ತಡೆದರೂ ನಿಲ್ಲದೆ, ಪಕ್ಕದ ಮನೆಯವರ ಜೀಪು ಇಸಿದುಕೊಂಡು ಹೊರಟು ಬಂದಿದ್ದರು.

ಎಂಜಿನ್ ಆಫ್ ಮಾಡಿ ಸನಾಳ ಪಕ್ಕ ಬಂದು ನಿಂತಿದ್ದ ದ್ಯಾವಮ್ಮ, ಚಿಕ್ಕಯ್ಯನನ್ನು ಕಂಡವರೇ ಓಡಿಹೋಗಿ ಡ್ರೈವರ್ ಸೀಟಿನಲ್ಲಿ ಕೂತುಬಿಟ್ಟರು. ಮುಹೂರ್ತಕ್ಕೆ ಮೊದಲು ಗಂಡು ಹೆಣ್ಣು ಮುಖ ನೋಡಬಾರದು. ಎತ್ತಿದ ಬಾನೆಟ್ ಇಬ್ಬರ ನಡುವೆ ಅಂತಃಪಟದ ಹಾಗೆ ನಿಂತಿತು.

"ದ್ಯಾವಮ್ಮ, ಹುಷಾರಿದ್ದೀರಾ?" ಎಂದು ಚಿಕ್ಕಯ್ಯ ಬಾನೆಟ್ಟಿನ ಈಚೆಯಿಂದ ಕೇಳಿದರು.

"ನಂಗೆಂತ ಆಗಿಲ್ಲ. ಆದದ್ದು ಕಾರಿಗೆ," ಎಂದು ಆಚೆಯಿಂದ ಉತ್ತರ ಬಂತು, ಹಿಂದೆಯೇ ನಗು.

ಚಿಕ್ಕಯ್ಯ ಮೂವತ್ತೆಂಟು ವರ್ಷ ಜೀಪು ಓಡಿಸಿದವರು. ಎಂಜಿನ್ ಕಡೆ ಒಂದು ನೋಟ ಹರಿಸಿ ತೀರ್ಪು ಕೊಟ್ಟರು. "ಪೆಟ್ರೋಲ್ ಪಂಪು ಹೋಗಿದೆ. ಕಾರು ಇಲ್ಲೇ ಬಿಟ್ಟು ನನ್ನ ಜೀಪಲ್ಲಿ ಬನ್ನಿ. ನಾನು ಮುಖ ನೋಡುದಿಲ್ಲ, ಆಣೆ."

"ಪಂಪು ಹೋಗಿದ್ರೆ ಏರಲ್ಲಿ ನಿಲ್ಬೇಕಿತ್ತು ಚಿಕ್ಕಯ್ಯಣ್ಣ," ಎಂದಳು ಸನಾ. "ಏರಲ್ಲಿ ಇದು ನಿಮ್ಮ ಜೀಪಿಗಿಂತ ಚಂದ ಹತ್ತಿದೆ. ಕೈ ಕೊಡಿ ಇಲ್ಲಿ."

"ಸಾಹೇಬ್ರು ಬಂದಿಲ್ವಾ?"

"ಇಲ್ಲ. ನಾನೇ ನೋಡ್ತಿರೋದು. ಬೆರಳು ಇಲ್ಲಿಡಿ. ದ್ಯಾವಕ್ಕ, ಸ್ಟಾರ್ಟ್ ಮಾಡಿ."

ಚಿಕ್ಕಯ್ಯನ ಬೆರಳು ಬಿರುಕಿನ ಮೇಲಿತ್ತು. ಎಂಜಿನ್ ಎದ್ದು ಮೆಲ್ಲಗೆ ಗುಂಯ್‌ಗುಟ್ಟಿತು. "ತೆಗೀರಿ," ಎಂದಳು. ತೆಗೆದರು. ಇಡೀ ಕಾರು ಗಡಗಡ ನಡುಗಿತು. ಚಿಕ್ಕಯ್ಯ ಗಾಬರಿಯಾಗಿ ಬೆರಳನ್ನು ಮತ್ತೆ ಇಟ್ಟರು.

"ಸೈಕಲ್ ಟ್ಯೂಬೇನಾದ್ರೂ ಉಂಟಾ?" ಎಂದು ಸನಾ ಕೇಳಿದಳು. ಕಳಸದ ಜೀಪುಗಳಲ್ಲಿ ಇಲ್ಲದಿರುವುದುಂಟೆ? ಸಾಮಾನು ಕಟ್ಟಲು ಉದ್ದಕ್ಕೆ ಸೀಳಿದ ಟ್ಯೂಬಿನ ಪಟ್ಟಿ ಹಿಂದೆಯೇ ನೇತಾಡುತ್ತಿತ್ತು. ಎಂಜಿನ್ ನಿಲ್ಲಿಸಿ, ಪೈಪು ಕೈಗೆ ತಾಳುವಷ್ಟು ತಣಿಯಲು ಕಾದು, ಅದನ್ನು ಬಿಚ್ಚಿ ಹೊರಗೆ ತೆಗೆದಳು. ಎಣ್ಣೆ ಒರೆಸಿ, ಚಿಕ್ಕಯ್ಯ ಒಂದು ತುದಿಯನ್ನು ಎಳೆದು ಹಿಡಿದಿರುವಾಗ, ಟ್ಯೂಬಿನ ಪಟ್ಟಿಯನ್ನು ಒಂದರ ಮೇಲೊಂದು ಏಳು ಸುತ್ತು ಬಿಗಿದು ಎರಡೂ ಕಡೆ ಕ್ಲಾಂಪ್ ಹಾಕಿದಳು. "ಇದು ಊರಿಗೆ ಮುಟ್ಟುವವರೆಗೆ ಮಾತ್ರ. ಹೊಸ ಪೈಪೇ ಹಾಕ್ಬೇಕು," ಎಂದಳು. ಚಿಕ್ಕಯ್ಯನ ಬಿಳಿ ಶರ್ಟಿನ ತೋಳಿನಿಂದ ಎದೆಯವರೆಗೆ ಕಪ್ಪು ಪಟ್ಟೆಯೊಂದು ಮೂಡಿತ್ತು. ಅವರು ಅದನ್ನು ಒರೆಸಲು ಹೋಗಿ ಎರಡು ಮಾಡಿಕೊಂಡರು.

ದ್ಯಾವಮ್ಮ ಕೀ ತಿರುಗಿಸಿದರು. ಎಂಜಿನ್ ಎದ್ದಿತು. ಒಂದು ನಿಮಿಷ, ಎರಡು ನಿಮಿಷ. ನಡುಕವಿಲ್ಲ, ಕೆಮ್ಮಿಲ್ಲ. ಬಾನೆಟ್ಟಿನ ಮೇಲೆ ಕೈಯಿಟ್ಟರೆ ಒಳಗೆ ಏನೋ ಓಡುತ್ತಿದೆ ಎಂದೂ ತಿಳಿಯುತ್ತಿರಲಿಲ್ಲ.

ಸನಾ ಕಿಟಕಿಯ ಬಳಿ ಬಂದು ಕಿವಿಗೊಟ್ಟಳು. ಅವಳ ಮುಖ ಕುಂದಿತು. ಕಿಣಿಕಿಣಿ ಸದ್ದು ಇನ್ನೂ ಇತ್ತು. ಸ್ಟೀರಿಂಗ್ ಮುಟ್ಟಿ ನೋಡಿದಳು, ಅದು ಅಲ್ಲಾಡುತ್ತಿರಲಿಲ್ಲ. ಡ್ಯಾಶ್‌ಬೋರ್ಡೂ ಇಲ್ಲ. ಆಮೇಲೆ ದ್ಯಾವಮ್ಮನ ಕೈ ನೋಡಿದಳು.

"ದ್ಯಾವಕ್ಕ, ಇದು ಕಾರಲ್ಲ," ಎಂದಳು ಮೆಲ್ಲಗೆ.

ದ್ಯಾವಮ್ಮ ತಮ್ಮ ಕೈಗಳನ್ನು ತಾವೇ ನೋಡಿಕೊಂಡರು. ಎರಡೂ ನಡುಗುತ್ತಿದ್ದವು. "ಮೂವತ್ತಮೂರು ವರ್ಷ ಈ ಕೈಗೆ ಬಳೆ ಹಾಕಿರ್ಲಿಲ್ಲ ಸನಾ," ಎಂದರು. "ನಿನ್ನೆ ಬಳೆಯವಳು ತೊಡಿಸುವಾಗ್ಲೇ ಶುರುವಾಯ್ತು. ನಗು ಬಂದ್ರೂ ನಡುಗ್ತದೆ, ಸುಮ್ನೆ ಕೂತ್ರೂ ನಡುಗ್ತದೆ. ಈ ವಯಸ್ಸಲ್ಲಿ ಇದೆಂತ ಹುಚ್ಚು ಅಂತ ಜನ ಅಂತಾರೋ ಏನೋ. ಹೌದು, ಹುಚ್ಚೇ. ನಂಗೆ ಬೇಕು ಅದು."

ವಿಮಲಮ್ಮ ಒಳಗೆ ಕೈ ಚಾಚಿ ಅವರ ನಾಡಿ ಹಿಡಿದು ಗಡಿಯಾರ ನೋಡಿದರು. "ನೂರಾ ನಾಲ್ಕು," ಎಂದರು. "ಮದುಮಗಳಿಗೆ ನಾರ್ಮಲ್. ಏಳು, ನನ್ನ ಸೀಟು ಬಿಡು."

ಬಾನೆಟ್ಟಿನ ಆಚೆ ಚಿಕ್ಕಯ್ಯ ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಅವರು ಬೆನ್ನು ತಿರುಗಿಸಿ ನಿಂತು, ಕಾಫಿತೋಟದ ಕಡೆ ನೋಡುತ್ತ, ಕಪ್ಪಾದ ಕೈಯಿಂದಲೇ ಕಣ್ಣೊರೆಸಿಕೊಂಡರು. ಹಾಗಾಗಿ ಮುಖಕ್ಕೂ ಒಂದು ಪಟ್ಟೆ ಬಂತು.

ಹನ್ನೊಂದೂಕಾಲಿಗೆ ಹೊರಟರು. ಜೀಪು ಮುಂದೆ, ಕೆಂಪು ಕಾರು ಹಿಂದೆ. ವಿಮಲಮ್ಮನಿಗೆ ಒಂದೇ ತೊಂದರೆ: ಎಂಜಿನ್ ಎಷ್ಟು ಸದ್ದಿಲ್ಲದೆ ನಡೆಯುತ್ತಿತ್ತೆಂದರೆ, ಮೊದಲ ಹಂಪ್ ಹತ್ತಿರ ನಿಧಾನ ಮಾಡಿದಾಗ ಅದು ಆಫ್ ಆಗಿದೆ ಎಂದೇ ತಿಳಿದು ಮತ್ತೆ ಕೀ ತಿರುಗಿಸಿಬಿಟ್ಟರು. ಕರಕರ ಎಂದು ಕಬ್ಬಿಣ ಹಲ್ಲು ಕಡಿದ ಸದ್ದಾಯಿತು. "ಅದು ನಡೀತಾನೇ ಉಂಟು ಸಿಸ್ಟರಮ್ಮ, ಬಿಡಿ, ಬಿಡಿ," ಎಂದು ಸನಾ ಕೂಗಿದಳು. ಮೂವರಿಗೂ ತಡೆಯಲಾರದ ನಗು ಬಂತು. ಭದ್ರೆಯ ಸೇತುವೆ ದಾಟುವಾಗಲೂ ನಗುತ್ತಲೇ ಇದ್ದರು.

ಕಳಸದ ಛತ್ರದ ಮುಂದೆ ಸೌಂದರ್ಯ ಆರತಿ ತಟ್ಟೆ ಹಿಡಿದು ಕಾಯುತ್ತಿದ್ದಳು. ಜೀಪಿನಿಂದ ಇಳಿದ ಅಪ್ಪನನ್ನು ನೋಡಿ ತಟ್ಟೆಯನ್ನು ಯಾರದೋ ಕೈಗೆ ಕೊಟ್ಟು, ಅವರ ತೋಳು ಹಿಡಿದು ಒಳಗೆಳೆದುಕೊಂಡು ಹೋಗಿ, ಬೇರೆ ಶರ್ಟು ಸಿಗದೆ ಅಡುಗೆ ಭಟ್ಟರ ಹೊಸ ಶರ್ಟನ್ನೇ ಹಾಕಿಸಿದಳು. ಅದು ಎರಡು ಅಳತೆ ದೊಡ್ಡದಿತ್ತು. ಟೈಲರಾಗಿದ್ದರಿಂದ ಬೆನ್ನಿನ ಹಿಂದೆ ನಾಲ್ಕು ಪಿನ್ನು ಚುಚ್ಚಿ ಸರಿ ಮಾಡಿದಳು. ಮುಖದ ಪಟ್ಟೆ ಮಾತ್ರ ಸೋಪಿಗೂ ಪೂರ್ತಿ ಹೋಗಲಿಲ್ಲ. ಹನ್ನೆರಡು ಐದಕ್ಕೆ ಅಂತಃಪಟ ಸರಿದಾಗ ದ್ಯಾವಮ್ಮ ಅದನ್ನು ನೋಡಿದರು. ಪುರೋಹಿತರು ಎರಡು ಸಲ ಮಂತ್ರ ನಿಲ್ಲಿಸಬೇಕಾಯಿತು, ಮದುಮಗಳ ನಗು ಮುಗಿಯುವವರೆಗೆ.

ಹಸಿರು ಚೂಡಿದಾರ ಹಾಕಿಕೊಂಡು ಸನಾ ಊಟಕ್ಕೆ ಕೂತಾಗ ಅಬ್ದುಲ್ಲಾ ಅವರ ಫೋನ್ ಬಂತು. ಬಿರುಕು ಎಲ್ಲಿತ್ತು, ಹೇಗೆ ಕಂಡಿತು ಎಂದು ಅವಳು ಒಂದೇ ಉಸಿರಿಗೆ ಹೇಳಿದಳು.

"ಪೈಪಿನ ತಳದಲ್ಲಿ," ಎಂದರು ಅಬ್ದುಲ್ಲಾ. "ನಾನು ಮೇಲಿಂದಲೇ ನೋಡಿದ್ದೆ ಮಗಳೇ." ಆಮೇಲೆ, "ಮಂಗಳವಾರ ಮಲ್ಲಂದೂರಿನಿಂದ ಒಂದು ಗಾಡಿ ಬರ್ತದೆ. ಎಂತ ತೊಂದ್ರೆ ಅಂತ ನಂಗೆ ತಿಳೀತಿಲ್ಲ. ನೀನು ನೋಡು," ಎಂದರು.

ಸನಾಳ ಎಲೆಗೆ ಸೌಂದರ್ಯ ಎರಡನೇ ಹೋಳಿಗೆ ಹಾಕಿ ತುಪ್ಪ ಸುರಿದಳು. ಬೇಡವೆನ್ನಲೂ ಅವಳಿಗೆ ಮರೆತುಹೋಗಿತ್ತು. ಪಕ್ಕದಲ್ಲಿ ವಿಮಲಮ್ಮ ಯಾರದೋ ಬಿಪಿ ನೋಡುತ್ತ, "ಇದ್ರಲ್ಲಿ ಇವತ್ತು ಕಾರಿನ ಎದೆ ನೋಡಿದ್ದೇನೆ" ಎಂದು ಹೇಳಿಕೊಳ್ಳುತ್ತಿದ್ದರು. ಹೊರಗೆ ಛತ್ರದ ಅಂಗಳದಲ್ಲಿ ಜನ ಗುಂಪು ಕಟ್ಟಿದ್ದರು. ನಡುವೆ ಕೆಂಪು ಕಾರು, ಬಾನೆಟ್ ಎತ್ತಿತ್ತು. ಸಡಿಲ ಶರ್ಟಿನ ಮದುಮಗ ಹಾರವನ್ನು ಬೆನ್ನ ಮೇಲೆ ಎಸೆದುಕೊಂಡು, ಒಳಗೆ ಬೆರಳು ತೋರಿಸುತ್ತ, ನೆರೆದ ನೆಂಟರಿಗೆಲ್ಲ ವಿವರಿಸುತ್ತಿದ್ದರು.

"ಪಂಪು ಅಂತ ಹೇಳ್ತಾರೆ ಜನ. ಪಂಪಲ್ಲ. ನಾನು ನೋಡಿದ ಕೂಡ್ಲೇ ಹೇಳ್ದೆ, ಇದು ಗಾಳಿ ಅಂತ."

ಮೆಟ್ಟಿಲ ಮೇಲೆ ನಿಂತಿದ್ದ ದ್ಯಾವಮ್ಮ ಅದನ್ನು ಕೇಳಿ, ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗಂಡನ ಸುಳ್ಳನ್ನು ನಾಲ್ಕು ಜನರ ಮುಂದೆ ಸರಿಪಡಿಸಲು ಅಂಗಳಕ್ಕೆ ಇಳಿದರು.